ಮೋಸದ ನಾಣ್ಯಕ್ಕೇ ಮಣೆ

ಕ್ಯಾಲಿಫೋರ್ನಿಯಾದ ಹಳೇ ಚಿನ್ನದ ನಾಣ್ಯಗಳ ಬಗ್ಗೆ ಬರೆದಾಗಲೆಲ್ಲ ಒಂದೇ ಪ್ರಶ್ನೆ. "ಇವತ್ತಿನ ರೇಟಿಗೆ ಎಷ್ಟಾಗುತ್ತೆ?" ಈ ಹವ್ಯಾಸದಲ್ಲಿ ಇದಕ್ಕಿಂತ ಸಪ್ಪೆ ಪ್ರಶ್ನೆ ಇನ್ನೊಂದಿಲ್ಲ.

1848ರ ಜನವರಿಯಲ್ಲಿ ಅಲ್ಲಿನ ಕೊಲೊಮಾ ಎಂಬಲ್ಲಿ ಚಿನ್ನ ಸಿಕ್ಕಿದ್ದೇ ತಡ, ಜನ ಮುಗಿಬಿದ್ದರು. ಚಿನ್ನದ ಪುಡಿ ಬೇಕಾದಷ್ಟಿತ್ತು, ನಾಣ್ಯಕ್ಕೆ ಮಾತ್ರ ಬರ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸರ್ಕಾರಿ ಟಂಕಸಾಲೆ ಶುರುವಾಗಿದ್ದು 1854ರಲ್ಲಿ. ಅಷ್ಟರವರೆಗೆ ಯಾರು ಕಾಯುತ್ತಾರೆ? ಖಾಸಗಿಯವರೇ ನಾಣ್ಯ ಹೊಡೆಯತೊಡಗಿದರು.

ಅವರಲ್ಲಿ ಬಾಲ್ಡ್ವಿನ್ ಕಂಪನಿಯೂ ಒಂದು. ಅವರ 1850ರ ಹತ್ತು ಡಾಲರ್ ನಾಣ್ಯದ ಮೇಲೆ ಹಗ್ಗದ ಕುಣಿಕೆ ಬೀಸುವ ಕುದುರೆ ಸವಾರ ಇದ್ದಾನೆ. ನನ್ನ ಕಣ್ಣಿಗೆ ಆ ಕಾಲದ ಅತಿ ಚೆಂದದ ನಾಣ್ಯ ಅದೇ. ಆದರೆ 1851ರಲ್ಲಿ ಬ್ಯಾಂಕರ್ ಒಬ್ಬ ಈ ಖಾಸಗಿ ನಾಣ್ಯಗಳನ್ನು ಸರ್ಕಾರಿ ಪರೀಕ್ಷಕ ಅಗಸ್ಟಸ್ ಹಂಬರ್ಟ್ ಹತ್ತಿರ ಪರೀಕ್ಷೆ ಮಾಡಿಸಿದ. ಬಾಲ್ಡ್ವಿನ್ ನಾಣ್ಯದಲ್ಲಿ ಹೇಳಿದಷ್ಟು ಚಿನ್ನ ಇರಲಿಲ್ಲ. ಸುದ್ದಿ ಪತ್ರಿಕೆಗೆ ಬಂತು. ಜನ ಆ ನಾಣ್ಯ ಮುಟ್ಟಲಿಲ್ಲ. ಸಿಕ್ಕಿದ್ದನ್ನೆಲ್ಲ ಕರಗಿಸಿದರು. ಕರಗಿಸಿದ್ದಕ್ಕೇ ಈಗ ಅಪರೂಪ! ಅಂದು ಬೇಡವಾದ ನಾಣ್ಯಕ್ಕೆ ಇಂದು ಹರಾಜಿನಲ್ಲಿ ಪೈಪೋಟಿ.

ಇದರ ಉಲ್ಟಾನೂ ಆಗುತ್ತದೆ. 1857ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಚಿನ್ನ ಹೊತ್ತಿದ್ದ ಎಸ್ಎಸ್ ಸೆಂಟ್ರಲ್ ಅಮೆರಿಕ ಹಡಗು ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. ನಾನೂರಕ್ಕೂ ಹೆಚ್ಚು ಜನ ಸತ್ತರು. 1988ರಲ್ಲಿ ಅವಶೇಷ ಸಿಕ್ಕಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1857ರಲ್ಲಿ ಟಂಕಿಸಿದ ಇಪ್ಪತ್ತು ಡಾಲರ್ ನಾಣ್ಯಗಳು ಸಾವಿರಗಟ್ಟಲೆ ಮೇಲೆ ಬಂದವು, ಹೊಸದರಂತೆ ಫಳಫಳ. ಅದಕ್ಕೂ ಮೊದಲು ಸವೆಯದ 1857ರ ನಾಣ್ಯ ಸಿಗುವುದೇ ಕಷ್ಟವಿತ್ತು. ಆಗ ದುಬಾರಿ ಕೊಟ್ಟು ಕೊಂಡವರ ಹೊಟ್ಟೆ ಎಷ್ಟು ಉರಿದಿರಬೇಡ ಅಲ್ವಾ?

ಈಗಲೂ ಜಾಸ್ತಿ ಜನ ಹುಡುಕುವುದು ಆ ಹೊಳಪನ್ನೇ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಕೈಯಿಂದ ಕೈಗೆ ಹೋಗಿ ಅಂಚು ಸವೆದ ನಾಣ್ಯವೇ ನನಗಿಷ್ಟ. ಅದು ಗಣಿಯವನ ಜೇಬು, ಜೂಜಿನ ಮೇಜು ಎಲ್ಲ ಸುತ್ತಿ ಬಂದಿರುತ್ತದೆ. ಸುತ್ತದೇ ಉಳಿದದ್ದಕ್ಕೆ ಬೆಲೆ ಜಾಸ್ತಿ ಎಂಬುದು ಮಾರುಕಟ್ಟೆಯ ಲೆಕ್ಕ, ನನ್ನದಲ್ಲ. ಹಾಂ, ಹುಣಸೆಹಣ್ಣು ಹಾಕಿ ಹಿತ್ತಾಳೆ ಚೆಂಬು ಉಜ್ಜಿದ ಹಾಗೆ ನಾಣ್ಯ ಉಜ್ಜಬೇಡಿ. ಬೆಲೆ ಅಲ್ಲೇ ಬಿದ್ದುಹೋಗುತ್ತದೆ.

ಹೊಸಬರಿಗೆ ಇನ್ನೊಂದು ಮಾತು. ಆ ಕಾಲದ ಕಾಲು ಡಾಲರ್, ಅರ್ಧ ಡಾಲರ್‌ನ ಪುಟಾಣಿ ಚಿನ್ನದ ನಾಣ್ಯ ಅಂತ ಆನ್‌ಲೈನ್‌ನಲ್ಲಿ ಬೇಕಾದಷ್ಟು ಮಾರುತ್ತಾರೆ. ಕರಡಿ ಚಿತ್ರವಿದ್ದು, ಡಾಲರ್ ಅಥವಾ ಸೆಂಟ್ ಎಂಬ ಬರಹ ಇಲ್ಲದಿದ್ದರೆ ಅದು ಸಾಮಾನ್ಯವಾಗಿ ಆಮೇಲೆ ಮಾಡಿದ ನೆನಪಿನ ಬಿಲ್ಲೆ. ದುಡ್ಡು ಕೊಡುವ ಮೊದಲು ಆ ಬರಹ ಹುಡುಕಿ.