ಎಂಜಿನ್ ನಿಂತರೆ ಹಗುರ ವಿಮಾನ ಕಲ್ಲಿನಂತೆ ಬೀಳುತ್ತದೆಯೇ?

ಕಿಟ್‌ನಿಂದ ಜೋಡಿಸಿದ ಹಗುರ ವಿಮಾನದ ಎಂಜಿನ್ ಆಕಾಶದಲ್ಲಿ ನಿಂತರೆ ಅದು ನೇರವಾಗಿ ನೆಲಕ್ಕೆ ಬೀಳುತ್ತದೆ ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಹಲವರು ಇದನ್ನು ಕಾಳಜಿಯಿಂದಲೇ ಹಂಚುತ್ತಾರೆ. ಆದರೆ ಇದು ನಿಜವಲ್ಲ.

ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಗಳ ಸುತ್ತ ಹರಿಯುವ ಗಾಳಿ. ಎಂಜಿನ್ ನಿಂತಾಗ ಪೈಲಟ್ ಮೂತಿಯನ್ನು ತುಸು ತಗ್ಗಿಸಿ, ಇರುವ ಎತ್ತರವನ್ನು ಮೆಲ್ಲಗೆ ಬಿಟ್ಟುಕೊಡುತ್ತಾ ವೇಗವನ್ನು ಕಾಯ್ದುಕೊಂಡು, ತೇಲುತ್ತಾ ಇಳಿಯುತ್ತಾರೆ. ಚಿರಪರಿಚಿತ ಸೆಸ್ನಾ 172 ವಿಮಾನ ಕೂಡ ಗಾಳಿ ಬೀಸದಿರುವಾಗ 1,000 ಮೀಟರ್ ಎತ್ತರದಿಂದ ಸುಮಾರು 9 ಕಿಲೋಮೀಟರ್ ದೂರ ಹೀಗೆ ಸಾಗಬಲ್ಲದು. ತೇಲಿ ಹಾರಲೆಂದೇ ಮಾಡಿದ, ಎಂಜಿನ್ ಕೂಡ ಇರುವ ಮೋಟಾರ್‌ಗ್ಲೈಡರ್‌ನಲ್ಲಂತೂ ಎಂಜಿನ್ ಆರಿಸುವುದು ದಿನನಿತ್ಯದ ಕ್ರಮ: ಕೆಲವು ಮಾದರಿಗಳಲ್ಲಿ ಪ್ರೊಪೆಲ್ಲರ್ ಹೊತ್ತ ಕಂಬವೇ ಮಡಚಿ ಒಡಲೊಳಗೆ ಸೇರಿಕೊಳ್ಳುತ್ತದೆ, ಅದರ ಮೇಲೆ ಬಾಗಿಲು ಮುಚ್ಚಿಕೊಳ್ಳುತ್ತದೆ, ಬಳಿಕ ಮೇಲೇರುವ ಬಿಸಿಗಾಳಿಯ ಬಲದಿಂದಲೇ ಗಂಟೆಗಟ್ಟಲೆ ಹಾರಾಟ ನಡೆಯುತ್ತದೆ. ಹೆಲಿಕಾಪ್ಟರಿನಂತೆ ಕಾಣುವ ಹಗುರ ವಿಮಾನವಾದ ಆಟೋಜೈರೋದ ತಲೆಯ ಮೇಲಿನ ರೋಟರ್ (ತಿರುಗುವ ಅಲಗುಗಳು) ಹಾರಾಟದಲ್ಲಿ ಗಾಳಿಯಿಂದಲೇ ತಿರುಗುವುದರಿಂದ ಎಂಜಿನ್ ನಿಂತರೂ ಅದು ನಿಲ್ಲುವುದಿಲ್ಲ.

ಅಪಾಯ ಇಲ್ಲವೆಂದಲ್ಲ. ನೆಲ ಬಿಟ್ಟ ಕೂಡಲೇ, ಎತ್ತರ ಇನ್ನೂ ಕಡಿಮೆ ಇರುವಾಗ ಎಂಜಿನ್ ಕೈಕೊಟ್ಟು, ಪೈಲಟ್ ರನ್‌ವೇಗೆ ಮರಳಲು ತೀವ್ರವಾಗಿ ತಿರುಗಿಸುತ್ತಾ ವೇಗ ಕಳೆದುಕೊಂಡರೆ ರೆಕ್ಕೆಗಳು ನಿಜವಾಗಿಯೂ ಎತ್ತುವ ಬಲ ಕಳೆದುಕೊಳ್ಳುತ್ತವೆ. ನನ್ನ ಅಭಿಪ್ರಾಯದಲ್ಲಿ ಎಚ್ಚರಿಕೆ ಹಂಚುವುದಾದರೆ ಹಂಚಬೇಕಾದದ್ದು ಇದನ್ನು.

ಇಂಥ ಸಂದೇಶ ಬಂದಾಗ ಅದರಲ್ಲಿ ವಿಮಾನದ ಮಾದರಿ ಹೇಳಿದೆಯೇ ನೋಡಿ. ಹೇಳಿದ್ದರೆ ಆ ಮಾದರಿಯ ಪೈಲಟ್ ಕೈಪಿಡಿಯಲ್ಲಿ ಗ್ಲೈಡ್ ಅನುಪಾತವನ್ನು (ಒಂದು ಮೀಟರ್ ಇಳಿಯುವಷ್ಟರಲ್ಲಿ ಎಷ್ಟು ಮೀಟರ್ ಮುಂದೆ ಸಾಗುತ್ತದೆ ಎಂಬುದನ್ನು) ಹುಡುಕಿ, ಎತ್ತರದಿಂದ ಗುಣಿಸಿದರೆ ತೇಲಬಲ್ಲ ದೂರ ಸಿಗುತ್ತದೆ. ಜೊತೆಗೆ ವಿಡಿಯೊ ಇದ್ದರೆ ಅದರ ಒಂದು ಚಿತ್ರವನ್ನು ಇಮೇಜ್ ಸರ್ಚ್‌ಗೆ ಹಾಕಿ, ಕತ್ತರಿಸದ ಮೂಲ ವಿಡಿಯೊವನ್ನು ಪತ್ತೆಹಚ್ಚಲು ಪ್ರಯತ್ನಿಸಬಹುದು.