ಏಳು ಮಕ್ಕಳ ಶಾಲೆ: ವಿಲೀನವೋ, ಉಳಿವೋ?

ಸಕಲೇಶಪುರ, ಮೂಡಿಗೆರೆಯ ಸೀಮೆಯಲ್ಲಿ ಮಕ್ಕಳ ಸಂಖ್ಯೆ ಹತ್ತಕ್ಕಿಂತ ಕೆಳಗಿಳಿದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳನ್ನು ಹೋಬಳಿಯ ದೊಡ್ಡ ಶಾಲೆಯೊಂದಿಗೆ ವಿಲೀನಗೊಳಿಸಬೇಕೆ?

ಪರ

ಒಂದರಿಂದ ಐದನೇ ತರಗತಿಯವರೆಗೆ ಒಟ್ಟು ಏಳು ಮಕ್ಕಳಿರುವ ಶಾಲೆಯೊಂದನ್ನು ಕಲ್ಪಿಸಿಕೊಳ್ಳಿ. ಕಬಡ್ಡಿಯಲ್ಲಿ ಒಂದು ತಂಡಕ್ಕೇ ಏಳು ಜನ ಬೇಕು. ಇಡೀ ಶಾಲೆ ಅಂಗಳಕ್ಕಿಳಿದರೂ ಎದುರಾಳಿಗಳಿಲ್ಲ. ಕೋಲಾಟಕ್ಕೆ ಜೋಡಿ ಕಟ್ಟಿದರೆ ಒಂದು ಮಗು ಕೋಲು ಹಿಡಿದು ಒಂಟಿಯಾಗಿ ನಿಲ್ಲುತ್ತದೆ. ಪ್ರತಿಭಾ ಕಾರಂಜಿಗೆ ಇಂಥ ಶಾಲೆಯಿಂದ ಹೊರಡುವುದು ಹೆಚ್ಚೆಂದರೆ ಒಂದು ಕಂಠಪಾಠ, ಒಂದು ಛದ್ಮವೇಷ.

ಶಿಕ್ಷಣ ಹಕ್ಕು ಕಾಯ್ದೆಯು 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರಿರಬೇಕೆಂದು ಹೇಳುತ್ತದೆ. ಆದರೆ ಇರುವ ಒಬ್ಬರೇ ಶಿಕ್ಷಕರು ಸಭೆಗೋ ಚುನಾವಣೆಯ ಕೆಲಸಕ್ಕೋ ಹೋದ ದಿನ ಪಾಠ ನಿಲ್ಲುತ್ತದೆ, ಬಿಸಿಯೂಟವಷ್ಟೇ ನಡೆಯುತ್ತದೆ. ಇದಕ್ಕೆ ಬದಲಾಗಿ, ಪೂರ್ವ ಪ್ರಾಥಮಿಕದಿಂದ ದ್ವಿತೀಯ ಪಿಯುವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಯಂಥ ಕಡೆ ವಿಷಯಕ್ಕೊಬ್ಬ ಶಿಕ್ಷಕರು, ಗ್ರಂಥಾಲಯ, ಆಟದ ಮೈದಾನ ಸಿಗುವುದಾದರೆ, ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಯ ಮಗುವಿಗೆ ಅದನ್ನು ಊರಿನ ಅಭಿಮಾನದ ಹೆಸರಿನಲ್ಲಿ ತಪ್ಪಿಸುವುದು ನ್ಯಾಯವಲ್ಲ. ಅನುಕೂಲಸ್ಥರ ಮಕ್ಕಳು ಹಳದಿ ವ್ಯಾನ್ ಹತ್ತಿ ಪೇಟೆಯ ಶಾಲೆಗೆ ಹೋಗಿ ವರ್ಷಗಳೇ ಆದವು. ಉಳಿದಿರುವುದು ಬಡವರ ಮಕ್ಕಳು ಮಾತ್ರ ಎಂಬುದನ್ನು ಶಾಲೆ ಉಳಿಸಿ ಎನ್ನುವವರು ಅಷ್ಟಾಗಿ ಹೇಳುವುದಿಲ್ಲ.

ವಿರೋಧ

ವಿಲೀನದ ಲೆಕ್ಕ ಕಾಗದದ ಮೇಲೆ ಚೆನ್ನಾಗಿ ಕೂಡುತ್ತದೆ. ಜುಲೈ ತಿಂಗಳಲ್ಲಿ ಕೂಡುವುದಿಲ್ಲ. ಬಸ್ಸು ಬರುವುದು ಡಾಂಬರು ರಸ್ತೆಯವರೆಗೆ. ಲೈನ್ ಮನೆಯಿಂದ ಅಲ್ಲಿಗೆ ಕಾಫಿ ತೋಟದ ನಡುವಿನ ಕೆಸರು ದಾರಿ, ಮೇಲೆ ಬಿಡದ ಮಳೆ, ಕಾಲಿಗೆ ಜಿಗಣೆ. ತಾಯಿ ತಂದೆ ಬೆಳಿಗ್ಗೆಯೇ ತೋಟದ ಕೆಲಸಕ್ಕೆ ಹೊರಟಿರುತ್ತಾರೆ. ಆಲೂರು, ಸಕಲೇಶಪುರ, ಬೇಲೂರಿನ ತೋಟಗಳಲ್ಲಿ ಕಾಡಾನೆಗಳ ಓಡಾಟವಂತೂ ಹೊಸ ಸುದ್ದಿಯಲ್ಲ. ಪಕ್ಕದ ತೋಟದಲ್ಲಿ ಆನೆ ಇದೆ ಎಂದು ತಿಳಿದ ಬೆಳಿಗ್ಗೆ ಆರು ವರ್ಷದ ಮಗುವನ್ನು ಯಾರು ತಾನೇ ಬಸ್ಸಿಗೆ ಕಳುಹಿಸುತ್ತಾರೆ? ಒಂದರಿಂದ ಐದನೇ ತರಗತಿಯ ಶಾಲೆ ಒಂದು ಕಿಲೋಮೀಟರ್ ನಡಿಗೆಯ ದೂರದಲ್ಲಿರಬೇಕೆಂದು ಕಾಯ್ದೆಯಡಿಯ ಕೇಂದ್ರ ನಿಯಮಗಳು 2010ರಲ್ಲಿ ಹೇಳಿದ್ದು ಸುಮ್ಮನೆ ಅಲ್ಲ.

ಹಲವು ತರಗತಿಗಳು ಒಂದೇ ಕೋಣೆಯಲ್ಲಿರುವುದನ್ನು ಕೊರತೆಯೆಂದೇ ಬಗೆಯುವುದು ಕರ್ನಾಟಕದ ಅನುಭವವನ್ನೇ ಮರೆತಂತೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಪ್ರತಿ ಮಗುವೂ ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನು ನಿಂತ ಮೆಟ್ಟಿಲನ್ನು ನೋಡಿಕೊಂಡು, ಅದಕ್ಕೆ ಹೊಂದುವ ಕಾರ್ಡನ್ನು ತಾನೇ ಎತ್ತಿಕೊಳ್ಳುತ್ತದೆ. ಕಷ್ಟವಿರುವುದು ಶಿಕ್ಷಕರ ಹುದ್ದೆ ತುಂಬದಿರುವುದರಲ್ಲಿ. ಅದಕ್ಕೆ ಶಾಲೆಗೆ ಬೀಗ ಹಾಕುವುದು ಪರಿಹಾರವಾಗದು.

ಕಬಡ್ಡಿಯ ವಾದಕ್ಕೆ ಉತ್ತರ ಕೊಡುವುದು ಕಷ್ಟ ಎಂದು ಒಪ್ಪುತ್ತೇನೆ. ಆದರೆ ಆಟಕ್ಕೂ ಕೋಲಾಟಕ್ಕೂ ಮಕ್ಕಳು ದಿನಾ ಊರು ಬಿಡಬೇಕಿಲ್ಲ: ಶನಿವಾರ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ನಾಲ್ಕೈದು ಶಾಲೆಗಳ ಮಕ್ಕಳನ್ನು ಒಂದೆಡೆ ಸೇರಿಸಬಹುದು, ಊರಿನಲ್ಲಿ ಸುಗ್ಗಿ ಕುಣಿತ ಬಲ್ಲ ಹಿರಿಯರನ್ನೇ ಶಾಲೆಗೆ ಕರೆಸಬಹುದು, ಪಂಚಾಯಿತಿಯ ಗ್ರಂಥಾಲಯದ ಪುಸ್ತಕಗಳನ್ನು ಶಾಲೆಯ ಕಪಾಟಿಗೆ ತಿಂಗಳಿಗೊಮ್ಮೆ ಬದಲಿಸಬಹುದು. ನಾಲ್ಕನೇ ತರಗತಿಯಿಂದ ಮೇಲಿನವರಿಗೆ ದೊಡ್ಡ ಶಾಲೆ ಎಂದರೆ ನನ್ನ ತಕರಾರು ಅಷ್ಟಿಲ್ಲ, ಬಸ್ಸು ಮನೆಯ ಹತ್ತಿರಕ್ಕೆ ಬರುವುದಾದರೆ.

ಆಗಸ್ಟ್ 15ರಂದು ಇಂಥ ಊರಿನಲ್ಲಿ ಬಾವುಟ ಏರುವುದು ಆ ಶಾಲೆಯ ಅಂಗಳದಲ್ಲಿ ಮಾತ್ರ. ಏಳು ಮಕ್ಕಳು ಕೊಡೆ ಹಿಡಿದೇ ಸಾಲಾಗಿ ನಿಲ್ಲುತ್ತಾರೆ, ಅವರ ಹಿಂದೆ ಕೆಲಸಕ್ಕೆ ರಜೆ ಸಿಕ್ಕ ಲೈನ್ ಮನೆಯವರೆಲ್ಲ ನಿಂತಿರುತ್ತಾರೆ.