ಉರಿಮೂತ್ರ ಮತ್ತು ಒಂದು ಲಕ್ಷದ ಗೆರೆ

ಮೂತ್ರಕ್ಕೆ ಹೋದರೆ ಪ್ರಾಣ ಹೋಗುವಷ್ಟು ಉರಿ, ಕುಳಿತಲ್ಲಿ ಕೂರಲಾಗದ ಅವಸರ, ಓಡಿ ಹೋದರೆ ನಾಲ್ಕೇ ಹನಿ. ಹೀಗೆ ಬಳಲುತ್ತಿರುವ ಹೆಣ್ಣುಮಗಳಿಗೆ ಕಲ್ಚರ್ ವರದಿ (ಮೂತ್ರದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯ ವರದಿ) ತೋರಿಸಿ ‘ನಿಮಗೆ ಸೋಂಕೇನೂ ಇಲ್ಲ, ನೀರು ಚೆನ್ನಾಗಿ ಕುಡಿಯಿರಿ’ ಎಂದು ಮನೆಗೆ ಕಳುಹಿಸುವುದು ತಪ್ಪು. ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳಾಗಿ, ಆ ವರದಿ ಹೇಗೆ ಹುಟ್ಟುತ್ತದೆ ಎಂಬುದನ್ನು ಬಲ್ಲವಳಾಗಿ ಈ ಮಾತು ಹೇಳುತ್ತಿದ್ದೇನೆ.

ಮೂತ್ರದ ಮಾದರಿ ಬಂದ ಕೂಡಲೇ ಅದರಲ್ಲಿ ಒಂದು ಸಣ್ಣ ಲೂಪ್, ಅಂದರೆ ತುದಿಯಲ್ಲಿ ಪುಟ್ಟ ಬಳೆಯಿರುವ ಕಡ್ಡಿ, ಅದ್ದುತ್ತೇವೆ. ಸಾಮಾನ್ಯವಾಗಿ ಬಳಸುವ ಲೂಪ್‌ನಲ್ಲಿ ಹಿಡಿಯುವುದು ಒಂದು ಮೈಕ್ರೋಲೀಟರ್, ಅಂದರೆ ಒಂದು ಮಿಲಿಲೀಟರಿನ ಸಾವಿರದಲ್ಲೊಂದು ಪಾಲು. ಅದನ್ನು ಬ್ಯಾಕ್ಟೀರಿಯಾ ಬೆಳೆಯಲು ಆಹಾರ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಗೀರಿ, ರಾತ್ರಿಯಿಡೀ ಇನ್‌ಕ್ಯುಬೇಟರ್‌ನಲ್ಲಿ ದೇಹದ ಬಿಸಿಯಲ್ಲಿಡುತ್ತೇವೆ. ಬೆಳಿಗ್ಗೆ ತೆಗೆದರೆ ನೀಲಿಹಸಿರು ತಟ್ಟೆ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಬೆಳೆದಲ್ಲೆಲ್ಲ ಹಳದಿಗೆ ತಿರುಗಿರುತ್ತದೆ. ಒಂದೊಂದು ಬ್ಯಾಕ್ಟೀರಿಯಾದಿಂದ ಬೆಳೆದ ಚುಕ್ಕೆಗಳನ್ನು, ಅಂದರೆ ಕಾಲನಿಗಳನ್ನು, ಎಣಿಸಿ ಸಾವಿರದಿಂದ ಗುಣಿಸುತ್ತೇವೆ. ನೂರು ಕಾಲನಿಗಳಿದ್ದರೆ ಮಿಲಿಲೀಟರಿಗೆ ಒಂದು ಲಕ್ಷ ಬ್ಯಾಕ್ಟೀರಿಯಾ. ಬಹಳ ಕಡೆ ಇಲ್ಲಿಯೇ ಗೆರೆ ಎಳೆಯುತ್ತಾರೆ: ಲಕ್ಷ ದಾಟಿದರೆ ಸೋಂಕು, ದಾಟದಿದ್ದರೆ ‘ಗಮನಾರ್ಹ ಬೆಳವಣಿಗೆ ಇಲ್ಲ’.

ಈ ಲಕ್ಷದ ಲೆಕ್ಕ ಕೊಟ್ಟವರು ಅಮೆರಿಕದ ವೈದ್ಯ ಎಡ್ವರ್ಡ್ ಕಾಸ್, 1950ರ ದಶಕದಲ್ಲಿ. ಅವರು ಪರೀಕ್ಷಿಸಿದ್ದು ಮೂತ್ರಪಿಂಡಕ್ಕೇ ಸೋಂಕು ತಗುಲಿದ್ದವರನ್ನು ಮತ್ತು ಯಾವ ತೊಂದರೆಯನ್ನೂ ಹೇಳದ ಮಹಿಳೆಯರನ್ನು. ಚರ್ಮದಿಂದ ಬೆರೆತ ಬ್ಯಾಕ್ಟೀರಿಯಾ ಯಾವುದು, ಒಳಗಿನಿಂದಲೇ ಬಂದದ್ದು ಯಾವುದು ಎಂದು ಬೇರ್ಪಡಿಸಲು ಅದು ಒಳ್ಳೆಯ ಅಳತೆಯೇ ಆಗಿತ್ತು. ಆದರೆ ಮೂತ್ರಕೋಶ ಉರಿಯುತ್ತಿದೆ ಎಂದು ಬಂದವಳನ್ನು ಅಳೆಯಲು ಮಾಡಿದ್ದಲ್ಲ. 1982ರಲ್ಲಿ ವಾಲ್ಟರ್ ಸ್ಟಾಮ್ ಮತ್ತು ಸಂಗಡಿಗರು ಅಂಥವರ ಮೂತ್ರಕೋಶದಿಂದಲೇ ನೇರವಾಗಿ ಮಾದರಿ ತೆಗೆದು ನೋಡಿದರು. ಒಳಗೆ ಇ. ಕೋಲಿಯಂಥ ಬ್ಯಾಕ್ಟೀರಿಯಾ ನಿಜಕ್ಕೂ ಇದ್ದವರಲ್ಲಿ ಲಕ್ಷದ ಗೆರೆ ಹಿಡಿದದ್ದು ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯನ್ನು ಮಾತ್ರ. ಉರಿ ಇರುವವರಲ್ಲಿ ಮಿಲಿಲೀಟರಿಗೆ ನೂರು ಇದ್ದರೂ ಅದಕ್ಕೆ ಅರ್ಥವಿದೆ ಎಂದು ಅವರು ತೋರಿಸಿದರು. ನಮ್ಮ ಒಂದು ಮೈಕ್ರೋಲೀಟರ್ ಲೂಪ್‌ಗೆ ಆ ನೂರು ಕಾಣಿಸುವುದೇ ಇಲ್ಲ. ಹತ್ತು ತಟ್ಟೆ ಗೀರಿದರೆ ಎಲ್ಲೋ ಒಂದರಲ್ಲಿ ಒಂದು ಕಾಲನಿ ಬಂದೀತು, ಅಷ್ಟೇ. ನಲವತ್ತು ವರ್ಷಕ್ಕೂ ಹಳೆಯ ಈ ತಿಳಿವಳಿಕೆ ಇನ್ನೂ ಎಷ್ಟೋ ವರದಿಗಳನ್ನು ಮುಟ್ಟಿಲ್ಲ ಎಂಬುದು ನನಗೆ ತಡೆಯಲಾಗದ ಸಂಕಟ.

ಗೆರೆ ಇನ್ನೊಂದು ದಿಕ್ಕಿನಲ್ಲೂ ದಾರಿ ತಪ್ಪಿಸುತ್ತದೆ. ಯಾವ ತೊಂದರೆಯೂ ಇಲ್ಲದ ವೃದ್ಧರ ಮೂತ್ರದಲ್ಲಿ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಇರುವುದು ಅಪರೂಪವಲ್ಲ. ಗರ್ಭಿಣಿಯರು, ಮೂತ್ರಾಂಗದ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರು ಇಂಥ ಕೆಲವರನ್ನು ಬಿಟ್ಟರೆ ಅದಕ್ಕೆ ಔಷಧ ಬೇಕಾಗಿಲ್ಲ. ಆದರೂ ಸಂಖ್ಯೆ ನೋಡಿ ಆ್ಯಂಟಿಬಯಾಟಿಕ್ ಬರೆಯುತ್ತಾರೆ. ಬೇಡದವರಿಗೆ ಮಾತ್ರೆ, ಬೇಕಾದವರಿಗೆ ನೀರು!

ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಬರುವ ಕಾಯಿಲೆ ಇದು. ಅನೇಕರಿಗೆ ಮತ್ತೆ ಮತ್ತೆ ಬರುತ್ತದೆ. ಹಾಗೆ ಮರುಕಳಿಸಿದಾಗ ‘ಶುಚಿಯಾಗಿಲ್ಲ’ ಎಂಬ ಮಾತು ಕೇಳಬೇಕಾಗುತ್ತದೆ, ಅದೂ ಮನೆಯವರ ಬಾಯಿಂದಲೇ. ಸಂಶೋಧನೆ ಹೇಳುವುದೇ ಬೇರೆ. ಇ. ಕೋಲಿಯ ಮೈಮೇಲಿನ ಕೂದಲಿನಂಥ ಎಳೆಗಳ ತುದಿಯಲ್ಲಿ ಫಿಮ್‌ಎಚ್ ಎಂಬ ಪ್ರೋಟೀನ್ ಇದೆ. ಅದು ಮೂತ್ರಕೋಶದ ಒಳಗೋಡೆಯ ಸಕ್ಕರೆ ಅಣುಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಮೂತ್ರದ ಹರಿವಿಗೂ ಜಗ್ಗುವುದಿಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನ ವಿಜ್ಞಾನಿ ಸ್ಕಾಟ್ ಹಲ್ಟ್‌ಗ್ರೆನ್ ಅವರ ತಂಡ ಇಲಿಗಳಲ್ಲಿ ಇನ್ನೂ ಮುಂದಿನದನ್ನು ಕಂಡಿತು. ಬ್ಯಾಕ್ಟೀರಿಯಾ ಗೋಡೆಯ ಜೀವಕೋಶಗಳ ಒಳಗೇ ನುಗ್ಗಿ, ಗುಂಪುಗೂಡಿ ಬೆಳೆಯುತ್ತವೆ. ಅಲ್ಲಿ ಎಷ್ಟೋ ಔಷಧಗಳು ಅವುಗಳನ್ನು ಸರಿಯಾಗಿ ತಲುಪುವುದಿಲ್ಲ. ಮಹಿಳೆಯರ ಮೂತ್ರದಲ್ಲಿಯೂ ಇಂಥ ಗುಂಪುಗಳ ಕುರುಹು ಸಿಕ್ಕಿದೆ. ಒಳಗೆ ಅಡಗಿ ಕುಳಿತದ್ದು ಮತ್ತೆ ಎದ್ದರೆ ಅದಕ್ಕೆ ಅವಳ ಸ್ನಾನವನ್ನು ದೂರಬೇಕೇ?

ಮೀಥೆನಮೈನ್ ಎಂಬ ಹಳೆಯ ಔಷಧವೊಂದಿದೆ. ಆಮ್ಲೀಯ ಮೂತ್ರದಲ್ಲಿ ಅದು ಒಡೆದು ಫಾರ್ಮಾಲ್ಡಿಹೈಡ್ ಆಗಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಪದೇ ಪದೇ ಸೋಂಕಾಗುವ ಮಹಿಳೆಯರಿಗೆ ಇದು ದಿನವೂ ನುಂಗುವ ಆ್ಯಂಟಿಬಯಾಟಿಕ್‌ಗೆ ಬದಲಿಯಾಗಬಲ್ಲದು ಎಂದು 240 ಮಹಿಳೆಯರ ಮೇಲೆ ಬ್ರಿಟನ್‌ನಲ್ಲಿ ನಡೆದ ಪ್ರಯೋಗ ತೋರಿಸಿತು. ಅದರ ಫಲಿತಾಂಶ ಪ್ರಕಟವಾದದ್ದು 2022ರಲ್ಲಿ. ನೂರು ವರ್ಷಕ್ಕೂ ಹಳೆಯ ಔಷಧ! ಇಷ್ಟು ತಡವಾದದ್ದಕ್ಕೆ ವಿಜ್ಞಾನದ ಕಷ್ಟ ಕಾರಣವಲ್ಲ, ಕಾಯಿಲೆಯನ್ನು ಸಣ್ಣದೆಂದು ಎಣಿಸಿದ್ದೇ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಾದರಿಯ ಜೊತೆ ಬರುವ ಚೀಟಿಯಲ್ಲಿ ರೋಗಲಕ್ಷಣಕ್ಕೆಂದು ಒಂದು ಸಾಲು ಇರುತ್ತದೆ. ಬಹುಪಾಲು ಅದು ಖಾಲಿಯಾಗಿಯೇ ನಮ್ಮ ಮೇಜಿಗೆ ಬರುತ್ತದೆ. ವೈದ್ಯರೇ, ಅಲ್ಲಿ ‘ಉರಿ ಇದೆ, ಎರಡು ದಿನದಿಂದ’ ಎಂದು ಬರೆಯಿರಿ. ಬರೆದರೆ ನಾವು ಹತ್ತು ಮೈಕ್ರೋಲೀಟರಿನ ಲೂಪ್ ತೆಗೆದುಕೊಳ್ಳುತ್ತೇವೆ, ನಾಲ್ಕೈದು ಕಾಲನಿ ಬಂದರೂ ಬಿಸಾಡದೆ ಹೆಸರು ಹಚ್ಚುತ್ತೇವೆ. ಅವರು ಬರೆಯದಿದ್ದರೆ, ಅಕ್ಕಂದಿರೇ, ಬರೆಯಿರಿ ಎಂದು ನೀವೇ ಕೇಳಿ.